ಕಾಯಿಲೆ ಕರುವಿಗೆ ಆಂಟಿಬಯೋಟಿಕ್: ಬಾಯಿಗೋ, ಚರ್ಮದಡಿಗೋ, ರಕ್ತನಾಳಕ್ಕೋ?

ಒಂದೇ ಔಷಧಿ ಗಟ್ಟಿಮುಟ್ಟಾದ ಕರುವಿನಲ್ಲಿ ಒಂದು ಥರ, ಕಾಯಿಲೆ ಕರುವಿನಲ್ಲಿ ಇನ್ನೊಂದು ಥರ ನಡೆದುಕೊಳ್ಳುತ್ತದೆ. ಆಯ್ಕೆ ಕಷ್ಟವಾಗುವುದು ಅದಕ್ಕೇ.

ಬಾಯಿಗೆ ಹಾಕುವುದು ಸುಲಭ, ಖರ್ಚೂ ಕಮ್ಮಿ. ಆದರೆ ಭೇದಿ ಜೋರಾಗಿದ್ದರೆ ಕರುಳು ಔಷಧಿಯನ್ನು ಎಷ್ಟು ಹೀರುತ್ತದೆ ಎಂದು ನಂಬುವ ಹಾಗಿಲ್ಲ. ಟೆಟ್ರಾಸೈಕ್ಲಿನ್ ಆದರೆ ಹಾಲಿನ ಜೊತೆ ಬೇಡ, ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಚರ್ಮದಡಿಯ ಇಂಜೆಕ್ಷನ್ ಕರುಳಿನ ಗೊಡವೆಗೇ ಹೋಗುವುದಿಲ್ಲ. ಹಾಲು ಕುಡಿಯುತ್ತಿರುವ, ಕೆಮ್ಮು ಜ್ವರ ಇರುವ ಕರುವಿಗೆ ನಾನು ಇದನ್ನೇ ಒಪ್ಪುತ್ತೇನೆ. ಕತ್ತಿನ ಚರ್ಮ ಚಿವುಟಿ ಬಿಡಿ. ಮಡಿಕೆ ಎರಡು ಸೆಕೆಂಡಿಗಿಂತ ಜಾಸ್ತಿ ನಿಂತರೆ, ಕಣ್ಣು ಗುಳಿ ಬಿದ್ದಿದ್ದರೆ, ಮೈಯಲ್ಲಿ ನೀರು ಇಳಿದಿದೆ ಎಂದರ್ಥ. ಆಗ ಚರ್ಮದ ಕಡೆ ರಕ್ತ ಹರಿಯುವುದೇ ಕಮ್ಮಿ. ಔಷಧಿ ಚುಚ್ಚಿದಲ್ಲೇ ಕೂತು ನಿಧಾನವಾಗಿ ಒಳಗೆ ಹೋಗುತ್ತದೆ.

ಅಂಥ ಕರು ಎದ್ದು ನಿಲ್ಲಲಾರದೆ ಮಲಗಿದ್ದರೆ ರಕ್ತನಾಳದ ದಾರಿಯೇ ವಾಸಿ. ಔಷಧಿ ನೇರ ರಕ್ತಕ್ಕೆ, ಜೊತೆಗೆ ಸಲೈನ್ ಕೂಡ. ಖರ್ಚು ಜಾಸ್ತಿ, ಪಶುವೈದ್ಯರೇ ಬೇಕು.

ಇನ್ನು ಔಷಧಿ ಮೈಯಿಂದ ಹೊರಗೆ ಹೋಗುವ ಲೆಕ್ಕ. ಎಳೆ ಕರುವಿನ ಲಿವರ್, ಕಿಡ್ನಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ನೀರಿಳಿದಾಗ ಕಿಡ್ನಿ ಮತ್ತಷ್ಟು ಸೋಲುತ್ತದೆ. ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಆಗ ಕಿಡ್ನಿಗೇ ಪೆಟ್ಟು ಕೊಡಬಹುದು. ‘ಇನ್ನೊಂದು ಸ್ವಲ್ಪ ಹಾಕೋಣ’ ಅನ್ನುವುದು ಬೇಡ.

ಅಂದಹಾಗೆ, ರೋಟಾವೈರಸ್ ಭೇದಿಯಾದರೆ ಆಂಟಿಬಯೋಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಕರು ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದರೆ ಉಪ್ಪು-ಸಕ್ಕರೆ ಅಂಶದ ದ್ರಾವಣವೇ ಎಷ್ಟೋ ಸಲ ಸಾಕು, ಸುಮ್ನೆ ಸೂಜಿ ಯಾಕೆ ಅಲ್ವಾ?