ಹೂ ಬಿಡದ ಸುಗಂಧರಾಜ: ಬಿಡಿಸಿ ನೆಟ್ಟಿದ್ದು, ಕಡಿದು ನೆಟ್ಟಿದ್ದು, ಅಗೆಯದೆ ಬಿಟ್ಟಿದ್ದು

ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ 12 ಅಡಿ ಉದ್ದದ ಒಂದು ಸುಗಂಧರಾಜದ ಪಾತಿ ಇದೆ. ಅತ್ತೆ ನೆಟ್ಟಿದ್ದು. ಮೊದಲ ಎರಡು ವರ್ಷ ಸಂಜೆ ಹಿತ್ತಲ ಬಾಗಿಲು ತೆಗೆದರೆ ಘಮ ಅಡುಗೆಮನೆವರೆಗೂ ಬರುತ್ತಿತ್ತು. ಮೂರನೇ ವರ್ಷ ಹೂಕಡ್ಡಿ ಕಮ್ಮಿಯಾಯಿತು. ಐದನೇ ವರ್ಷ ಬಂದಿದ್ದು ಎರಡೇ ಎರಡು. ಎಲೆ ಮಾತ್ರ ದನ ಮೇಯಿಸುವಷ್ಟು! ಹಿತ್ತಲಲ್ಲಿ ಸುಗಂಧರಾಜ ಇಟ್ಟುಕೊಂಡು ದೇವರಿಗೆ ಹೂ ತರಲು ದೇವರಾಜ ಮಾರುಕಟ್ಟೆಗೆ ಹೋಗುವ ಹಾಗಾಯಿತು.

“ಗೆಡ್ಡೆ ಒತ್ತಾಗಿದೆ, ಅಗೆದು ಬಿಡಿಸಮ್ಮ” ಎಂದರು ಅತ್ತೆ. ಪಕ್ಕದ ಮನೆಯವರದ್ದು ಬೇರೆ ಮಾತು: “ಅಗೆಯೋದೆಲ್ಲ ಯಾಕ್ರೀ, ಎಲೆ ಸವರಿ ಗೊಬ್ಬರ ಕೊಡಿ, ಸಾಕು.” ನಮ್ಮನೆಯವರಿಗೆ ಎಲ್ಲವೂ ಬೇಗ ಮುಗಿಯಬೇಕು. “ಸನಿಕೆ ತಗೊಂಡು ಬುಡಾನ ನಾಲ್ಕು ಹೋಳು ಮಾಡಿ ನೆಡು. ಅರ್ಧ ಗಂಟೆ ಕೆಲಸ” ಎಂದರು. ಯಾರ ಮಾತನ್ನೂ ತೆಗೆದುಹಾಕುವುದು ಬೇಡ ಎಂದು ಪಾತಿಯನ್ನೇ ಮೂರು ಪಾಲು ಮಾಡಿದೆ. ಒಂದೊಂದು ಪಾಲಿಗೆ ನಾಲ್ಕು ಅಡಿ, ಆರು ಬುಡ. ಮಾರ್ಚ್ ತಿಂಗಳು. ಎರಡು ವಾರ ಮೊದಲೇ ನೀರು ನಿಲ್ಲಿಸಿದ್ದೆ.

ಅತ್ತೆಯ ಪಾಲಿನದ್ದೇ ದೊಡ್ಡ ಕೆಲಸ. ಹಾರೆಯಲ್ಲಿ ಬುಡವನ್ನು ಮೀಟಿ ಎತ್ತಿ, ಮಣ್ಣು ಒದರಿ, ಗೆಡ್ಡೆಗಳನ್ನು ಕೈಯಲ್ಲೇ ಒಂದೊಂದಾಗಿ ಬಿಡಿಸಬೇಕು. ಒಂದು ಬುಡದಲ್ಲಿ ಎಷ್ಟಿರಬಹುದು ಎಂದು ಎಣಿಸಿದೆ. 43! ಅದರಲ್ಲಿ ದಪ್ಪಗಿದ್ದವು ಐದೋ ಆರೋ. ಉಳಿದವೆಲ್ಲ ಬೆಳ್ಳುಳ್ಳಿ ಎಸಳಿನಷ್ಟು, ಕೆಲವು ಹುಣಸೆ ಬೀಜದಷ್ಟು. ನಡುವೆ ಹಳೇ ತಾಯಿಗೆಡ್ಡೆ, ಒಣಗಿದ ಹೂಕಡ್ಡಿಯ ಮೋಟು ಹೊತ್ತುಕೊಂಡು, ಟೊಳ್ಳಾಗಿ.

ಹೂ ಯಾಕೆ ನಿಂತಿತು ಅನ್ನುವುದು ಆಗ ಕಣ್ಣಿಗೇ ಕಂಡಿತು. ಸುಗಂಧರಾಜದ ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಆಮೇಲೆ ಸುತ್ತ ಮರಿ ಹಾಕಿ ಅದು ಸವೆದುಹೋಗುತ್ತದೆ. ಮರಿ ದಪ್ಪವಾದರೆ ಮುಂದಿನ ಹೂ. 43 ಮರಿಗಳು ಒಂದು ಬೊಗಸೆ ಜಾಗದಲ್ಲಿ ಕೂತರೆ ಯಾವುದು ತಾನೇ ದಪ್ಪವಾಗುತ್ತದೆ? ಎಲ್ಲವೂ ನಾಲ್ಕು ಎಲೆ ಬಿಟ್ಟುಕೊಂಡು ಜೀವ ಹಿಡಿದಿರುತ್ತವೆ, ಅಷ್ಟೇ.

ಆರಿಸುವಾಗ ಅತ್ತೆ ಮೊರ ಮುಂದಿಟ್ಟುಕೊಂಡು ಕೂತರು. ನಾನು ಒಂದು ರೂಪಾಯಿ ನಾಣ್ಯ ಇಟ್ಟುಕೊಂಡೆ. ಅದರ ಅಗಲ ಸುಮಾರು 2 ಸೆಂ.ಮೀ. ಅಷ್ಟು ದಪ್ಪ ಇದ್ದವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಅತ್ತೆಗೆ ನಾಣ್ಯ ಬೇಕಾಗಲಿಲ್ಲ. “ಸಾಂಬಾರ್ ಈರುಳ್ಳಿಯಷ್ಟಿದ್ರೆ ಹೂ, ಇಲ್ದಿದ್ರೆ ಹುಲ್ಲು” ಎಂದರು. ಅವರ ಲೆಕ್ಕವೂ ನನ್ನ ಲೆಕ್ಕವೂ ಹೆಚ್ಚುಕಮ್ಮಿ ಒಂದೇ ಆಯಿತು.

ಗೆಡ್ಡೆಗಳನ್ನು ಮೂರು ವಾರ ನೆರಳಲ್ಲಿ ಒಣಗಿಸಿದೆ. ಇಲ್ಲೊಂದು ತಪ್ಪು ಮಾಡಿದೆ. ಜಾಗ ಸಾಲದೆ ಒಂದಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ. ಬಿಚ್ಚಿದಾಗ ಬೂಷ್ಟು ಹಿಡಿದು ನಾರುತ್ತಿದ್ದವು. ಗೋಣಿಚೀಲದ ಮೇಲೆ ಹರಡಿದ್ದವು ಚೆನ್ನಾಗಿಯೇ ಇದ್ದವು. ಏಪ್ರಿಲ್‌ನಲ್ಲಿ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ, ಒಂದು ಗೇಣು ಅಂತರದಲ್ಲಿ 28 ದಪ್ಪ ಗೆಡ್ಡೆ ನೆಟ್ಟೆ. ಆಳ ಎರಡು ಇಂಚು. ಸಣ್ಣವನ್ನು ಬೇಲಿ ಬದಿಗೆ ಸಾಲಾಗಿ ಉದುರಿಸಿ ಮಣ್ಣು ಮುಚ್ಚಿದೆ.

ಎರಡನೇ ಪಾಲು ನಮ್ಮನೆಯವರೇ ಮಾಡಿದರು. ಅರ್ಧ ಗಂಟೆ ಅಂದಿದ್ದರು, 40 ನಿಮಿಷ ಹಿಡಿಯಿತು. ಒಪ್ಪಬೇಕಾದ್ದೇ. ಬುಡಗಳನ್ನು ಕುಂಬಳಕಾಯಿ ಹೋಳು ಮಾಡಿದ ಹಾಗೆ ಕಡಿದು, ಮಣ್ಣಿನ ಸಮೇತ ಅವತ್ತೇ ನೆಟ್ಟರು. 24 ಹೋಳಿಗೆ ನಾಲ್ಕು ಅಡಿ ಸಾಲದೆ 12 ಹೋಳು ಕಾಂಪೌಂಡ್ ಬದಿಗೆ ಹೋದವು. ಸನಿಕೆಗೆ ಸಿಕ್ಕಿ ಸೀಳಿದ ಗೆಡ್ಡೆಗಳಿಗೆ ಲೆಕ್ಕವಿಲ್ಲ. ಮಳೆ ಹಿಡಿದ ಮೇಲೆ ಅವುಗಳಿಂದಲೇ ಕೊಳೆ ಶುರುವಾಗಿ ಮೂರು ಹೋಳು ಪೂರ್ತಿ ಹೋದವು.

ಮೂರನೆಯದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಎಲೆ ಸವರಿ, ಗೊಬ್ಬರ, ಹಿಂಡಿ, ಬೂದಿ ಹಾಕಿ ನೀರು ಕೊಟ್ಟೆ. ಎಲೆಯೇನೋ ಕಪ್ಪುಹಸಿರಾಗಿ ಬಂತು.

ಮೊದಲ ಕಡ್ಡಿ ಎದ್ದಿದ್ದು ಜುಲೈ ಕೊನೆಗೆ, ಅತ್ತೆಯ ಪಾಲಲ್ಲಿ. ದೀಪಾವಳಿವರೆಗೆ ಎಣಿಸುತ್ತಾ ಬಂದೆ. ಬಿಡಿಸಿ ನೆಟ್ಟಿದ್ದರಲ್ಲಿ 21 ಕಡ್ಡಿ. ಹೋಳು ಮಾಡಿದ್ದರಲ್ಲಿ, ಕಾಂಪೌಂಡ್ ಬದಿಯದ್ದೂ ಸೇರಿ, 9. ಅಗೆಯದೆ ಬಿಟ್ಟಿದ್ದರಲ್ಲಿ 3. ಕಡ್ಡಿಯ ಉದ್ದದಲ್ಲೂ ವ್ಯತ್ಯಾಸ ಇತ್ತು. ಅತ್ತೆಯ ಪಾಲಿನದ್ದು ನನ್ನ ಸೊಂಟದವರೆಗೆ ಬಂತು. ಉಳಿದವು ಮೊಣಕಾಲು ದಾಟಿದರೆ ಹೆಚ್ಚು. ಬೇಲಿ ಬದಿಯ ಸಣ್ಣ ಗೆಡ್ಡೆಗಳು ಒಂದೂ ಹೂ ಬಿಡಲಿಲ್ಲ. ಅತ್ತೆ ಹೇಳಿದ ಹುಲ್ಲು ಅದೇ.

ಇಲ್ಲಿಗೇ ನಿಲ್ಲಿಸಿದ್ದರೆ ತೀರ್ಪು ಸುಲಭವಿತ್ತು. ಎರಡನೇ ವರ್ಷ ಲೆಕ್ಕ ಸ್ವಲ್ಪ ತಿರುಗಿತು. ಹೋಳು ಮಾಡಿದ ಪಾಲಿನಲ್ಲಿ 17 ಕಡ್ಡಿ ಬಂತು. ಹೋದ ವರ್ಷದ ಎರಡರಷ್ಟು, ಹತ್ತಿರಹತ್ತಿರ. ಹೋಳಾದ ಮೇಲೆ ಅಂಚಿನ ಮರಿಗಳಿಗೆ ಜಾಗ ಸಿಕ್ಕಿ ದಪ್ಪವಾಗಿದ್ದವು. ಅತ್ತೆಯ ಪಾಲು 19ಕ್ಕೆ ಇಳಿಯಿತು. ಆದರೆ ಬೇಲಿ ಬದಿಯ ಹುಲ್ಲು ಇದ್ದಕ್ಕಿದ್ದಂತೆ ಕಡ್ಡಿ ಎತ್ತಿತು ನೋಡಿ! ಅದೂ 30ಕ್ಕೂ ಹೆಚ್ಚು. ಸಣ್ಣವು ಅಂತ ಎಸೆದಿದ್ದರೆ ಅಷ್ಟೂ ನಷ್ಟ.

ಹಾಗಾಗಿ ನನ್ನ ಮಟ್ಟಿಗೆ ಬಿಡಿಸಿ ಆರಿಸುವುದೇ ಸರಿ. ಎರಡು ದಿನ ಸೊಂಟ ಹಿಡಿದುಕೊಂಡಿತು, ಅದು ಬೇರೆ ಮಾತು. ಮಂಡಿ ನೋವಿದ್ದವರು, ಪುರುಸೊತ್ತಿಲ್ಲದವರು ಹೋಳು ಮಾಡಿಯೇ ನೆಡಲಿ, ಆದರೆ ಸನಿಕೆ ಬೇಡ. ಬುಡವನ್ನು ಎತ್ತಿ ನೆಲಕ್ಕೆ ಒಮ್ಮೆ ಕುಕ್ಕಿದರೆ ಅದೇ ಬಾಯಿ ಬಿಡುತ್ತದೆ. ಟೊಳ್ಳು ತಾಯಿಗೆಡ್ಡೆ ಕಿತ್ತುಹಾಕಿ, ಕೈಯಲ್ಲೇ ನಾಲ್ಕು ಪಾಲು ಮಾಡಿ. ಮೊದಲ ವರ್ಷ ಮಾತ್ರ ಹೂ ಕೇಳಬೇಡಿ.

ನಮ್ಮದು ಒಂಟಿ ಎಸಳಿನ ಜಾತಿ, ಹಾರಕ್ಕೆ ಕಟ್ಟುವಂಥದ್ದು. ಹೊಸದಾಗಿ ತರುವವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್ ತಳಿ ನೋಡಬಹುದು. ಅದೂ ಒಂಟಿ ಎಸಳಿನದ್ದೇ. ಒಂದು ನರ್ಸರಿಯಿಂದ ನಾನೂ ಹತ್ತು ಹೊಸ ಗೆಡ್ಡೆ ತಂದು ನೋಡಿದೆ. ನಾಲ್ಕು ಒಳಗೇ ಕೊಳೆತಿದ್ದವು. ಗೆಡ್ಡೆಯ ಬುಡ ಒತ್ತಿ ನೋಡದೆ ಕೊಳ್ಳಬೇಡಿ.

ಇದೇ ಹುರುಪಿನಲ್ಲಿ ಕುಂಡದ ಮೇ ಫ್ಲವರ್ ಗೆಡ್ಡೆಯನ್ನೂ ಅಗೆದುಬಿಟ್ಟೆ. ಅದಕ್ಕೆ ಬೇರು ಮುಟ್ಟಿದರೆ ಆಗುವುದಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಎಲೆ ಬಂತು, ಕೆಂಪು ಚೆಂಡಿನಂಥ ಹೂ ಬರಲಿಲ್ಲ. ಅದರ ಮುಂದಿನ ವರ್ಷ ಬಂತು. ಮಳೆ ಲಿಲ್ಲಿಯಂತೂ ಒತ್ತಾಗಿದ್ದಷ್ಟೂ ಖುಷಿ, ಅದರ ತಂಟೆಗೆ ಹೋಗಲೇ ಇಲ್ಲ.

ಈ ಮಾರ್ಚ್‌ನಲ್ಲಿ ಮೂರನೇ ಪಾಲನ್ನೂ ಅಗೆದೆವು. ಪಕ್ಕದ ಮನೆಯವರೇ ಬಂದು ಗೆಡ್ಡೆ ಬಿಡಿಸಿಕೊಟ್ಟರು. ಒಂದು ಬುಡದಲ್ಲಿ 61 ಇದ್ದವು! ದಪ್ಪನೆಯವು ಪಾತಿಗೆ ಹೋದವು. ಸಣ್ಣವು ಇನ್ನೂ ಒಂದು ಮೊರ ತುಂಬಾ ಉಳಿದಿವೆ. ಬೇಕಾದವರು ಬನ್ನಿ, ಬಟ್ಟೆ ಚೀಲ ತನ್ನಿ. ಪ್ಲಾಸ್ಟಿಕ್ ತಂದರೆ ಅತ್ತೆ ಕೊಡುವುದಿಲ್ಲ.