ಮೂಲ ಸರ್ಟಿಫಿಕೇಟನ್ನು ಲ್ಯಾಮಿನೇಶನ್ ಮಾಡಿಸಬೇಡಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರು, ಅದರಲ್ಲೂ ಮಕ್ಕಳನ್ನು ಗಲ್ಫಿಗೆ ಕಳಿಸುವ ತಯಾರಿಯಲ್ಲಿರುವವರು ಇದನ್ನು ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗಳಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಡಿಗ್ರಿ ಸರ್ಟಿಫಿಕೇಟಿನ ಕಲರ್ ಜೆರಾಕ್ಸಿಗೆಂದು ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಕೊಟ್ಟು, ತರಕಾರಿ ತಂದು ನೋಡಿದರೆ ಅಂಗಡಿಯ ಹುಡುಗ ಮೂಲ ಪ್ರತಿಯನ್ನೇ ಲ್ಯಾಮಿನೇಶನ್ ಮಾಡಿಟ್ಟಿದ್ದ. ಮಳೆಗಾಲದಲ್ಲಿ ಹಾಳಾಗದಿರಲಿ ಎಂದು ಮಾಡಿದನಂತೆ. ಅವಳು ಕೇಳಿದ್ದು ಜೆರಾಕ್ಸ್ ಮಾತ್ರ.

ಅವಳ ಡಿಗ್ರಿ ಕರ್ನಾಟಕದ್ದು. ಹಾಗಾಗಿ ಮುಂಬಯಿಯಲ್ಲಿದ್ದರೂ ಅಟೆಸ್ಟೇಶನ್, ಅಂದರೆ ಸರ್ಟಿಫಿಕೇಟ್ ಅಸಲಿ ಎಂದು ಮೊಹರು ಹಾಕಿಸಿಕೊಳ್ಳುವುದು, ಮೊದಲು ಕರ್ನಾಟಕ ಸರ್ಕಾರದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಯುಎಇ ರಾಯಭಾರ ಕಚೇರಿಯಲ್ಲಿ ಆಗಬೇಕು. ಅವರ ಮೊಹರು, ಸ್ಟಿಕರ್ ಎಲ್ಲ ಮೂಲ ಪ್ರತಿಯ ಹಿಂಬದಿಗೇ ಬೀಳಬೇಕು. ಪ್ಲಾಸ್ಟಿಕ್ ಮೇಲೆ ಸ್ಟಾಂಪಿನ ಶಾಯಿ ನಿಲ್ಲುವುದಿಲ್ಲ, ಉಬ್ಬು ಮುದ್ರೆಯೂ ಚಪ್ಪಟೆಯಾಗಿರುತ್ತದೆ. ಕಾಗದ ಮೊದಲ ಹಂತದಲ್ಲೇ ವಾಪಸ್ ಬಂತು.

ಬಿಚ್ಚಿಕೊಡುತ್ತೇವೆ ಎಂದ ಇನ್ನೊಂದು ಅಂಗಡಿಯವರು ಇಸ್ತ್ರಿಪೆಟ್ಟಿಗೆ ಇಟ್ಟು ಎಳೆದರು. ಹಾಳೆಯ ಮೇಲ್ಪದರವೇ ಕಿತ್ತುಬಂತು, ಸಹಿಯ ಅರ್ಧ ಪ್ಲಾಸ್ಟಿಕ್ಕಿಗೆ ಹೋಯಿತು. ಲ್ಯಾಮಿನೇಶನ್ನಿನ ಪ್ಲಾಸ್ಟಿಕ್ ಪೌಚಿನ ಒಳಬದಿಯಲ್ಲಿ ಅಂಟಿನ ಪದರ ಇರುತ್ತದೆ. ಮಶೀನಿನ ಬಿಸಿಗೆ ಅದು ಕರಗಿ ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಆರಿದ ಮೇಲೆ ಎರಡನ್ನೂ ಬೇರೆ ಮಾಡುವುದು ಬಹಳ ಕಷ್ಟ. ಅಸಿಟೋನ್ ಹಚ್ಚಿ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ, ನಂಬಬೇಡಿ, ಬಾಲ್‌ಪೆನ್ನಿನ ಶಾಯಿಯೂ ಅದರಲ್ಲಿ ಕರಗುತ್ತದೆ. ಈಗ ಹಾಳಾದ ಪ್ರತಿಯನ್ನೇ ಜೊತೆಗಿಟ್ಟು ವಿಶ್ವವಿದ್ಯಾಲಯಕ್ಕೆ ಡೂಪ್ಲಿಕೇಟ್ ಕೇಳಿದ್ದೇವೆ. ಕಂಪನಿಯವರು ಅಷ್ಟು ದಿನ ಕಾಯಲಿಲ್ಲ. ಆ ಹುಡುಗಿಯ ಮುಖ ನೋಡಲು ನನಗೆ ಸಂಕಟವಾಗುತ್ತದೆ.

ಮಳೆಗಾಲಕ್ಕೆ ಲ್ಯಾಮಿನೇಶನ್ ರಕ್ಷಣೆಯೂ ಅಲ್ಲ. ಜುಲೈನ ಮುಂಬಯಿ ಗಾಳಿಯಲ್ಲಿ ಕಾಗದ ಮೊದಲೇ ತೇವ ಹೀರಿರುತ್ತದೆ, ಪ್ಲಾಸ್ಟಿಕ್ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಪಾರದರ್ಶಕ ಪಾಲಿಪ್ರೊಪಿಲೀನ್ ಫೋಲ್ಡರ್ ಸಾಕು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಪಿವಿಸಿ ಕವರ್ ಬೇಡ, ಕೆಲವು ವರ್ಷಕ್ಕೆ ಅಕ್ಷರಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಲ್ಯಾಮಿನೇಶನ್ ಬೇಕೇ ಬೇಕೆಂದರೆ ಕಲರ್ ಜೆರಾಕ್ಸಿಗೆ ಮಾಡಿಸಿ. ಇಸಿಜಿ, ಎಟಿಎಂ ಚೀಟಿಗಳಂಥ ಥರ್ಮಲ್ ಕಾಗದವನ್ನಂತೂ ಮಶೀನಿಗೆ ಹಾಕಲೇಬೇಡಿ, ಬಿಸಿ ತಗುಲಿದರೆ ಕಪ್ಪಾಗುತ್ತದೆ. ಊರಿನ ಜಮೀನಿನ ಕ್ರಯಪತ್ರ, ಛಾಪಾಕಾಗದಗಳ ಮೂಲ ಪ್ರತಿಗೂ ಲ್ಯಾಮಿನೇಶನ್ ಬೇಡ.

ಅಂಗಡಿಯಲ್ಲಿ ಮೂಲ ಪ್ರತಿ ಬಿಟ್ಟು ಕದಲಬೇಡಿ, ಎದುರಿಗೇ ಜೆರಾಕ್ಸ್ ಮಾಡಿಸಿ. ಈಗಾಗಲೇ ಲ್ಯಾಮಿನೇಶನ್ ಆಗಿದ್ದರೆ ಕೀಳಲು ಹೋಗಬೇಡಿ. ಇದ್ದ ಹಾಗೇ ಒಯ್ದು, ಆ ಕಾಗದ ಕೊಟ್ಟ ಕಚೇರಿಯಲ್ಲೇ ಮೊದಲು ಕೇಳಿ.