ಒಣ ಪಾರ್ಸ್ಲಿ ಡಬ್ಬಿ: ಸೂಪಿಗೆ ಸೈ, ಸಾಲ್ಸಾ ವರ್ದೆಗೆ ಬೇಡ

ಕಾಸರಗೋಡಿನ ದೊಡ್ಡ ಅಂಗಡಿಗಳಲ್ಲಿ ಸಿಗುವ ಒಣ ಪಾರ್ಸ್ಲಿ (ಕೊತ್ತಂಬರಿಯನ್ನು ಹೋಲುವ ಸೊಪ್ಪು) ಸೂಪಿಗೆ, ಬೆಣ್ಣೆ ಸವರಿದ ಬ್ರೆಡ್ಡಿಗೆ ಸಾಕು. ಇಟಲಿಯ ಹಸಿರು ಸಾಸ್ ಆದ ಸಾಲ್ಸಾ ವರ್ದೆಗೆ ಹಾಕಿದರೆ ಮಾತ್ರ ಎಣ್ಣೆಯಲ್ಲಿ ಬೈಹುಲ್ಲು ನೆನೆಹಾಕಿದ ಹಾಗೆ. ಒಣಗಿಸುವಾಗಲೇ ಪರಿಮಳ ಬಹುಪಾಲು ಹಾರಿಹೋಗಿರುತ್ತದೆ. ಅದಕ್ಕೆ ಹಸಿ ಸೊಪ್ಪೇ ಆಗಬೇಕು: ದೊಡ್ಡ ಹಿಡಿ ಎಲೆ, 1 ಎಸಳು ಬೆಳ್ಳುಳ್ಳಿ, 1 ಚಮಚ ಕೇಪರ್ (ಉಪ್ಪಿನಲ್ಲಿ ಹಾಕಿಟ್ಟ ಹೂಮೊಗ್ಗು), ಉಪ್ಪಿನಲ್ಲಿಟ್ಟ 2 ಆಂಚೋವಿ (ನಮ್ಮ ನೆತ್ತೋಲಿಯ ಬಳಗವೇ), ಮುಳುಗುವಷ್ಟು ಆಲಿವ್ ಎಣ್ಣೆ. ಮಿಕ್ಸಿಗೆ ಹಾಕಿದರೆ ಸೊಪ್ಪು ಜಜ್ಜಿ ಕಹಿಯಾಗುತ್ತದೆ, ಚೂರಿಯಲ್ಲೇ ಸಣ್ಣಗೆ ಹೆಚ್ಚಿ. ತೊಳೆದ ನೀರು ಪೂರ್ತಿ ಆರಿರಲಿ. ವಿನೆಗರ್ ಬಡಿಸುವ ಹೊತ್ತಿಗೆ ಸಾಕು. ಮೊದಲೇ ಬಿದ್ದರೆ ಹಸಿರು ಕಂದಾಗುತ್ತದೆ. ಕೊತ್ತಂಬರಿ ಸೊಪ್ಪು ಹಾಕಿದಿರೋ, ಅದು ಚಟ್ನಿಯೇ. ಕಾಯಿಸಿದ ಬಂಗುಡೆಗೆ ಚೆನ್ನಾಗಿ ಒಗ್ಗುತ್ತದೆ. ಡಬ್ಬಿಯೇ ಬೇಕಿದ್ದರೆ, ಹಳದಿ ತಿರುಗಿದ್ದನ್ನು ಮುಟ್ಟಬೇಡಿ.